ಬಾಗಿಲಲ್ಲಿ ಬೀಗರು

ನಮ್ಮ ಊರಿಗೆ ಬರುವ ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಬರುವವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರು ಬರುವುದಿಲ್ಲ. ಗೊತ್ತಿಲ್ಲದೆ ಬಂದವಳು ಕುಮುದಿನಿ ಒಬ್ಬಳೇ, ಅದೂ ನನ್ನನ್ನು ಮದುವೆಯಾಗಿ. ಅವಳು ಬಡಗಣ ಸೀಮೆಯವಳು, ದನದ ಡಾಕ್ಟರು. ನಾನು ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಮದುವೆಗೆ ಮುಂಚೆ ನನ್ನ ಗೊರಕೆ, ಅಮ್ಮನ ಬಾಯಿ, ಮನೆಯ ಸೋರುವ ಮೂಲೆ ಎಲ್ಲವನ್ನೂ ಅವಳಿಗೆ ಹೇಳಿದ್ದೆ. ಬೀಗರ ವಿಷಯ ಮಾತ್ರ ಬಾಯಿಗೆ ಬಂದಿರಲಿಲ್ಲ. ಹೆಣ್ಣು ನೋಡಲು ಹೋದವರು ನಮ್ಮ ಕಡೆ ಸೂರ್ಯ ಬೆಳಿಗ್ಗೆ ಹುಟ್ಟುತ್ತಾನೆ ಎಂದು ಹೇಳುತ್ತಾರೆಯೇ? ಹಾಗೆ.

ಅವಳು ಊರಿನ ಪಶು ಆಸ್ಪತ್ರೆಗೆ ಸೇರಿದ ಮಾರನೆಯ ಬೆಳಿಗ್ಗೆ, ಹಾಲು ಬರುವ ಹೊತ್ತಿಗೆ, ಬಾಗಿಲು ತೆಗೆದವಳು ಹಾಗೇ ನಿಂತಳು. ಹೊಸ್ತಿಲಿನಾಚೆ ಒಂದು ಎಮ್ಮೆ. ಮುಖ ಒಳಗೆ, ಮೈ ಬೀದಿಯಲ್ಲಿ.

"ಏನ್ರೀ, ನಿನ್ನಿ ನಾ ಸೂಜಿ ಚುಚ್ಚಿದ ಜ್ವರದ ಎಮ್ಮಿ ಇಲ್ಲೇ ಬಂದದ. ನಮ್ಮನಿ ಹೆಂಗ ಗೊತ್ತಾತು ಇದಕ್ಕ?"

ಒಳಗಿನಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹೆಸರು ಸಾಕಮ್ಮ, ಹೆಸರಿಗೆ ತಕ್ಕಂತೆ ಸಾಕುವುದರಲ್ಲಿ ಕೈ ನುರಿತವಳು. "ಗೊತ್ತಾಗದೆ ಏನು? ಅದಕ್ಕೆ ನೋವು ಮಾಡಿದ್ದು ನೀನೇ ತಾನೆ? ನಿಂತ್ಕೊ, ಆರತಿ ತತ್ತೀನಿ. ಪುಟ್ಟಾ, ಬೀಗಿತ್ತೀಗೆ ಕಾಲಿಗೆ ನೀರು ಕೊಡೋ, ಮರ ನಿಂತಂಗೆ ನಿಂತವ್ನೆ ನೋಡು."

ನಾನು ನಾಲ್ಕು ಕಾಲಿಗೂ ನೀರು ಕೊಟ್ಟೆ. ಅಮ್ಮ ಆರತಿ ಎತ್ತಿದಳು. ಎಮ್ಮೆ ಕುಂಕುಮದ ನೀರನ್ನು ಕುಡಿಯಿತು. ಕುಮುದಿನಿ ನಗು ತಡೆಯಲಾರದೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

ನಮ್ಮಲ್ಲಿ ಯಾರಾದರೂ ಒಂದು ಪ್ರಾಣಿಗೆ ನೋವು ಮಾಡಿದರೆ ಅದು ಮಾರನೆಯ ಬೆಳಿಗ್ಗೆ ಅವರ ಬಾಗಿಲಿಗೆ ಬಂದು ನಿಲ್ಲುತ್ತದೆ. ಬೈಯುವುದಿಲ್ಲ, ಹಾಯುವುದಿಲ್ಲ, ಸುಮ್ಮನೆ ನೋಡುತ್ತ ನಿಲ್ಲುತ್ತದೆ. ಅದಕ್ಕೇ ಬೀಗರು ಎನ್ನುವುದು. ಮಗಳನ್ನು ಕೊಟ್ಟ ಮನೆಯವರನ್ನು ಹೇಗೋ ಹಾಗೆ ಉಪಚಾರ ಮಾಡಬೇಕು, ತಾವಾಗಿ ಎದ್ದು ಹೋಗುವತನಕ ಹೋಗಿ ಎನ್ನಬಾರದು. ಬೆಕ್ಕಿನ ಬಾಲ ತುಳಿದ ಡ್ರಾಯಿಂಗ್ ಮೇಷ್ಟರ ಮನೆಯಲ್ಲಿ ಆ ಬೆಕ್ಕು ಒಂದು ಮಳೆಗಾಲ ಪೂರ್ತಿ ಇತ್ತು, ಬಾಣಂತನವನ್ನೂ ಅಲ್ಲೇ ಮುಗಿಸಿಕೊಂಡು ಹೋಯಿತು. ಕಾಗೆಗೆ ಕಲ್ಲು ಬೀಸಿದ ಹೊಸ ಮದುಮಗನ ಅಡುಗೆಮನೆಯ ಕಿಟಕಿಯಲ್ಲಿ ಕಾಗೆ ಕೂತು, ಹೆಂಡತಿ ಒಗ್ಗರಣೆ ಹಾಕಿದಾಗಲೆಲ್ಲ ತಲೆ ಓರೆ ಮಾಡಿ ನೋಡುತ್ತಿತ್ತಂತೆ. ಆಕೆ ಅಳುತ್ತ ತವರಿಗೆ ಹೋದಳು, ಕಾಗೆ ಇನ್ನೂ ಎರಡು ದಿನ ಇದ್ದು ಹೋಯಿತು. ನಮ್ಮ ಬಡಗಿಗಳು ಮನೆಗೆ ಬಾಗಿಲು ಕೂರಿಸುವ ಮುಂಚೆ "ಎಮ್ಮೆ ಹಿಡಿಸೋ ಹಂಗಾ, ಕುರಿ ಹಿಡಿಸೋ ಹಂಗಾ?" ಎಂದು ಕೇಳುತ್ತಾರೆ. ಜನರ ಸ್ವಭಾವದ ಮೇಲೆ ಅಳತೆ.

ಯಾವ ಪ್ರಾಣಿಯವರೆಗೆ ಈ ಲೆಕ್ಕ ಎಂಬುದರಲ್ಲಿ ಒಮ್ಮತವಿಲ್ಲ. ಇರುವೆ ಬಂದದ್ದನ್ನು ಯಾರೂ ಕಂಡಿಲ್ಲ, ಆದರೆ ಇರುವೆ ಬಂದರೆ ಕಾಣುವುದಾದರೂ ಹೇಗೆ? ಅರ್ಧ ಏಟು ತಿಂದ ಸೊಳ್ಳೆ ಬರುತ್ತದೆಯೇ ಎಂದು ನಾನೇ ಕಾಲೇಜಿನ ದಿನಗಳಲ್ಲಿ ಪ್ರಯೋಗ ಮಾಡಿ ನೋಡಿದೆ. ಬಂತು. ಏಟು ತಿನ್ನದ ಸೊಳ್ಳೆಗಳೂ ಬಂದವು. ಪ್ರಯೋಗ ಅಲ್ಲಿಗೆ ನಿಂತಿತು.

ಬೀಗರು ಬರುವುದು ಅವರ ಇಷ್ಟ. ಅದರ ಮೇಲೆ ಊರು ಒಂದು ಶಿಕ್ಷೆಯನ್ನು ಸೇರಿಸಿಕೊಂಡಿತ್ತು, ಗಂಟೆ. ಬೀಗರು ಮನೆಯಲ್ಲಿ ಇರುವಷ್ಟು ದಿನ ನೋವು ಮಾಡಿದವರು ಕೊರಳಿಗೆ ಗಂಟೆ ಕಟ್ಟಿಕೊಂಡು ತಿರುಗಬೇಕು, ಬರುತ್ತಿದ್ದಾರೆ ಎಂದು ಉಳಿದ ಪ್ರಾಣಿಗಳಿಗೆ ದೂರದಿಂದಲೇ ತಿಳಿಯಲಿ ಎಂದು. ಕೋಳಿಗಾದರೆ ಒಂದು ಗೆಜ್ಜೆ, ಕುರಿಗೆ ಸಣ್ಣ ಗಂಟೆ, ಎಮ್ಮೆಗೆ ದೊಡ್ಡದು. ಗಂಟೆ ಕಟ್ಟಿಕೊಂಡವರಿಗೆ ಊರೂಟದಲ್ಲಿ ಕೊನೆಯ ಪಂಕ್ತಿ. ಚಾವಡಿಯ ಗೂಟದಲ್ಲಿ ಅಳತೆಯ ಪ್ರಕಾರ ಎಲ್ಲವನ್ನೂ ನೇತುಹಾಕಿದ್ದರು. ಕಡೆಯಲ್ಲಿ ಒಂದು ಆನೆಗಂಟೆಯೂ ಇತ್ತು, ಯಾರೂ ಎಂದೂ ಕಟ್ಟಿಕೊಂಡದ್ದಲ್ಲ. ಆನೆಗೆ ನೋವು ಮಾಡಿದವರು ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಸ್ಥಿತಿಯಲ್ಲಿ ಉಳಿಯುವುದಿಲ್ಲವಲ್ಲ.

ಕುಮುದಿನಿ ಮೊದಲ ದಿನ ಎಮ್ಮೆಗಂಟೆಯನ್ನು ಒಡವೆಯ ಹಾಗೆ ಕಟ್ಟಿಕೊಂಡು ಕನ್ನಡಿಯ ಮುಂದೆ ಕತ್ತು ತಿರುಗಿಸಿ ನೋಡಿದಳು. ಹತ್ತು ದಿನ ಕಳೆಯುವಷ್ಟರಲ್ಲಿ ನಗು ಕಡಿಮೆಯಾಯಿತು. ಅವಳ ಕೆಲಸವೇ ಚುಚ್ಚುವುದು, ಕೊಯ್ಯುವುದು, ಹೊಲಿಯುವುದು. ದಿನ ಬೆಳಗಾದರೆ ಮನೆಯ ಮುಂದೆ ಮೇಕೆ, ಕರು, ಕಿವಿಗೆ ಔಷಧಿ ಬಿಡಿಸಿಕೊಂಡ ನಾಯಿ. ಗಂಟೆಯ ಸದ್ದು ಕೇಳಿದೊಡನೆ ಹಟ್ಟಿಯಲ್ಲಿದ್ದ ರೋಗಿಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. ಇವಳು ಸಿರಿಂಜು ಹಿಡಿದು ಹಿಂದೆ ಓಡುತ್ತಿದ್ದಳು. ಓಡಿಸಿ ಹಿಡಿದು ಚುಚ್ಚಿದರೆ ನೋವು ಇನ್ನೂ ಹೆಚ್ಚು, ಬಂದ ಬೀಗರು ಇನ್ನೂ ಹೆಚ್ಚು ದಿನ ಇರುತ್ತಿದ್ದರು. ಹಿಂದಿನ ಡಾಕ್ಟರೊಬ್ಬರು ಯಾಕೆ ರಾತ್ರೋರಾತ್ರಿ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿಹೋದರು ಎಂಬುದು ಅವಳಿಗೆ ಅರ್ಥವಾಯಿತು.

"ಅವಳು ಚುಚ್ಚಿ ಬತ್ತಾಳೆ, ನಾನು ಬೂಸಾ ಕಲಸ್ತೀನಿ. ಇದೊಂದು ಸಂಸಾರ!" ಎಂದು ಅಮ್ಮ ಕೇರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆದರೆ ಹಿಂಡಿಗೆ ಬೆಲ್ಲ ಬೆರೆಸುವಾಗ ಅವಳ ಕೈ ಹಿಡಿತ ಮಾಡುತ್ತಿರಲಿಲ್ಲ. ಯಾವ ಮೇಕೆಗೆ ಬಾಳೆಹಣ್ಣಿನ ಸಿಪ್ಪೆ ಇಷ್ಟ, ಯಾವುದಕ್ಕೆ ಹಣ್ಣೇ ಬೇಕು ಎಂಬುದೆಲ್ಲ ಅವಳಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ಸುತ್ತಮುತ್ತ ಕಾಲುಬಾಯಿ ಜ್ವರ ಬಂತು. ಒಂದು ದಿನ ಕುಮುದಿನಿ ಮುಂಜಾನೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದು ಗೋಡೆಗೆ ಒರಗಿದಳು. "ಲಸಿಕಿ ಹಾಕಿ ಮುಗಿಸಿದೆ."

"ಎಷ್ಟು ದನಕ್ಕೆ?" ಎಂದೆ.

"ಎಲ್ಲಾಕ್ಕೂ."

ತಟ್ಟೆ ಇಡುತ್ತಿದ್ದ ಅಮ್ಮನ ಕೈ ಗಾಳಿಯಲ್ಲಿ ನಿಂತಿತು. "ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರ ಎಲ್ಲಾ, ಅತ್ತಿ. ಊರಾಗ ದನದ ಜಾತಿಂದು ಒಂದೂ ಬಿಟ್ಟಿಲ್ಲ."

ಅಮ್ಮ ತಟ್ಟೆ ಕೆಳಗಿಟ್ಟು, ಸೀದಾ ಹಿತ್ತಲಿಗೆ ಹೋಗಿ ದೊಡ್ಡ ಹಂಡೆಯನ್ನು ಉರುಳಿಸಿಕೊಂಡು ಬಂದಳು.

ಮಾರನೆಯ ಬೆಳಿಗ್ಗೆಯನ್ನು ಊರು ಮರೆಯುವುದಿಲ್ಲ. ಬಾಗಿಲು ತೆಗೆದರೆ ಬೀದಿ ಕಾಣಲಿಲ್ಲ, ಕೊಂಬು ಕಂಡವು. ಮನೆಯ ಮುಂದಿನಿಂದ ಕಾಲೇಜಿನ ಗೇಟಿನ ತನಕ, ಅಲ್ಲಿಂದ ತಿರುಗಿ ಕೆರೆಯ ಏರಿಯ ತನಕ, ಎತ್ತು, ಹಸು, ಎಮ್ಮೆ, ಹೋರಿ, ಒಂದರ ಹಿಂದೆ ಒಂದು, ನ್ಯಾಯಬೆಲೆ ಅಂಗಡಿಯ ಮುಂದೆ ಮನುಷ್ಯರು ನಿಲ್ಲುವುದಕ್ಕಿಂತ ಶಿಸ್ತಾಗಿ ನಿಂತಿದ್ದವು. ಅಮ್ಮ ಸೆರಗು ಸಿಕ್ಕಿಸಿ ಆರತಿ ತಟ್ಟೆ ಹಿಡಿದು ಮೊದಲ ಹಸುವಿನಿಂದ ಹೊರಟಳು, ತಿರುವಿನಲ್ಲಿ ಕಣ್ಮರೆಯಾದಳು. ದನಗಳೆಲ್ಲ ನಮ್ಮ ಬೀದಿಯಲ್ಲಿದ್ದುದರಿಂದ ಹಾಲು ಕರೆಯುವವರೆಲ್ಲ ಚೊಂಬು ಹಿಡಿದು ಇಲ್ಲಿಗೇ ಬಂದರು. ಯಾವ ಹಸು ಯಾರದು ಎಂದು ಹುಡುಕುವಷ್ಟರಲ್ಲಿ ಹೋಟೆಲಿನಲ್ಲಿ ಕಾಫಿ ಇಲ್ಲದೆ ಜನ ಒಬ್ಬರ ಮೇಲೊಬ್ಬರು ರೇಗಿದರು. ಎತ್ತಿಲ್ಲದೆ ಗಾಡಿಗಳು ಮೂಗು ನೆಲಕ್ಕೆ ಊರಿ ಮಲಗಿದ್ದವು. ನನ್ನ ವಿದ್ಯಾರ್ಥಿಗಳು ಹಸುಗಳ ಹೊಟ್ಟೆಯ ಕೆಳಗೆ ನುಸುಳಿ ಕಾಲೇಜಿಗೆ ಹೋದರು, ನಾನೂ ಹಾಗೇ ಹೋದೆ.

ಸಂಜೆ ದನಗಳು ತಾವಾಗಿ ಹಿಂದಿರುಗಿದವು. ಆಮೇಲೆ ಚಾವಡಿ ಸೇರಿತು.

ಚಾವಡಿಯ ಯಜಮಾನರು ಭದ್ರೇಗೌಡರು. ಅವರ ಮನೆಯ ಮುಂದಿನ ರಂಗೋಲಿಯ ಮೇಲೆ ಇದುವರೆಗೆ ಒಂದು ಗೊರಸೂ ಬಿದ್ದಿರಲಿಲ್ಲ. "ನನ್ನ ಬಾಗಿಲಿಗೆ ಒಂದು ಕೋಳಿ ಬಂದಿದ್ದು ಯಾರಾದ್ರೂ ನೋಡಿದ್ದೀರಾ?" ಎಂದು ಅವರು ಆಗಾಗ ಕೇಳುತ್ತಿದ್ದರು, ನಾವು ಇಲ್ಲ ಎನ್ನುತ್ತಿದ್ದೆವು. ಅವರಿಗೆ ಎರಡು ಜೊತೆ ಎತ್ತು, ಒಂದು ಜಟಕಾ ಕುದುರೆ, ಪಾಳೇಗಾರ ಎಂಬ ಹೆಸರಿನ ಒಂದು ಕಾಳಗದ ಟಗರು. ಅವನ್ನೆಲ್ಲ ನೋಡಿಕೊಳ್ಳುವವನು ಆಳು ಜವರಯ್ಯ. ಹೊಡಿ ಎಂದವರು ಗೌಡರು, ಹೊಡೆದವನು ಜವರಯ್ಯ, ಆದ್ದರಿಂದ ಬೀಗರು ಬರುತ್ತಿದ್ದುದು ಜವರಯ್ಯನ ಗುಡಿಸಲಿಗೆ. ಅವನ ಕೊರಳಿನ ಗಂಟೆ ಬಿಚ್ಚಿದ್ದನ್ನು ಕಂಡವರಿಲ್ಲ. ಅವನ ಸದ್ದಿಲ್ಲದಿದ್ದರೆ ಗಡಿಯಾರ ನಿಂತಿದೆಯೇನೋ ಎಂದು ಜನ ಎದ್ದು ನೋಡುತ್ತಿದ್ದರು.

"ಮಾತು ಬೆಳೆಸೋದು ಬೇಡ," ಎಂದರು ಗೌಡರು. "ಪ್ರಾಣಿ ಬಂದು ಬಾಗಿಲಲ್ಲಿ ನಿಂತರೆ ತಪ್ಪಾಗಿದೆ ಅಂತ. ತಪ್ಪಾದರೆ ಶಿಕ್ಷೆ. ಇವತ್ತು ಊರಿನ ದನವೆಲ್ಲ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಿತ್ತು."

ಕುಮುದಿನಿ ಎದ್ದಳು. ಎಮ್ಮೆಗಂಟೆ ಢಣ್ ಎಂದಿತು. "ನಾ ಚುಚ್ಚಿದ್ದು ಖರೆ ಅದರಿ. ನೋವಾಗಿದ್ದೂ ಖರೆ. ಆದ್ರ ರೋಗ ಬರಬಾರದು ಅಂತ ಚುಚ್ಚೇನಿ. ಕಲ್ಲು ಒಗದವರೂ ನಾನೂ ಒಂದೇ ಏನ್ರಿ?"

"ಜವರಯ್ಯ ಹೊಡೆಯೋದೂ ಎತ್ತು ಹಳ್ಳಕ್ಕೆ ಬೀಳದೇ ಇರಲಿ ಅಂತಾನೇ. ಅವನಿಗೆ ಗಂಟೆ, ನಿಮಗೆ ಹಾರವಾ?"

ಇದು ಚೆನ್ನಾದ ಮಾತು ಎಂದು ನನಗೂ ಅನ್ನಿಸಿತು, ಅನ್ನಿಸಿದ್ದಕ್ಕೆ ಬೇಜಾರೂ ಆಯಿತು. ಚಾವಡಿ ತಲೆದೂಗಿತು. ಕುಮುದಿನಿ ಗೌಡರನ್ನೇ ನೋಡುತ್ತ ಕೇಳಿದಳು, "ಹೊಡಿ ಅಂತ ಜವರಯ್ಯಗ ಹೇಳಿದವರು ಯಾರ್ರಿ?"

ಜವರಯ್ಯ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಗೌಡರು ಕೆಮ್ಮಿದರು. "ಎತ್ತಿಗೆ ಕಾಣೋದು ಬಾರುಕೋಲು ಹಿಡಿದ ಕೈ. ಅದು ಯಾರ ಬಾಗಿಲಿಗೆ ಹೋಗ್ತದೋ ಅವರದು ತಪ್ಪು. ಎತ್ತಿಗಿಂತ ಹೆಚ್ಚಿಗೆ ತಿಳಿದವರು ನಾವಾ?"

ಹಿಂದಿನಿಂದ ಮಟನ್ ಅಂಗಡಿಯ ಪಾಪಣ್ಣ ಕೈ ಎತ್ತಿದ. "ಗೌಡ್ರೇ, ಹಂಗಾದ್ರೆ ಇಡೀ ಊರಲ್ಲಿ ನನ್ನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಇಪ್ಪತ್ತು ವರ್ಷದಿಂದ ಅಂಗಡಿ ಮಡಗಿವ್ನಿ. ಒಂದು ಕುರಿ ವಾಪಸ್ ಬಂದು ದೂರು ಹೇಳಿಲ್ಲ."

ಚಾವಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಪಣ್ಣ ಮಾತ್ರ ನಗಲಿಲ್ಲ. "ನಗಬ್ಯಾಡ್ರಪ್ಪ. ಸತ್ತೋರು ಬರಕ್ಕಾಗಲ್ಲ, ಅದಕ್ಕೆ ನಾನು ಸಾಧು. ಬದುಕಿಸಿದೋಳ ಬಾಗಿಲಿಗೆ ಬತ್ತವೆ, ಅದಕ್ಕೆ ಆಯಮ್ಮ ಕೇಡಿ. ಈ ಲೆಕ್ಕದಲ್ಲಿ ಎಲ್ಲೋ ಒಂದು ಸೊನ್ನೆ ಬಿದ್ದೋಗದೆ."

ನಗು ನಿಂತಿತು. ಆದರೆ ಬೆಳಗಿನ ಕಾಫಿ ತಪ್ಪಿದವರು ಹೆಚ್ಚು ಹೊತ್ತು ಯೋಚಿಸಲಾರರು. ಗೌಡರು ಕೈ ಎತ್ತಿಸಿದರು. ಡಾಕ್ಟರಮ್ಮ ಇನ್ನು ಮೇಲೆ ಊರಿನಲ್ಲಿ ಸೂಜಿ, ಚಾಕು ಮುಟ್ಟಬಾರದು, ಮುಟ್ಟಿದರೆ ಊರು ಬಿಡಬೇಕು. ಆದ ತಪ್ಪಿಗೆ, ಅಷ್ಟು ದನದ ಗಂಟೆಗಳನ್ನು ಒಂದು ಕೊರಳಿಗೆ ಕಟ್ಟಲಾಗುವುದಿಲ್ಲವಾದ್ದರಿಂದ, ಎಲ್ಲಕ್ಕೂ ಸೇರಿಸಿ ಆನೆಗಂಟೆ, ಬೀಗರು ಹೋಗಿದ್ದರೂ ಚಾವಡಿ ಬಿಚ್ಚು ಎನ್ನುವ ತನಕ. ಹೆಂಡತಿಯ ವಿಷಯದಲ್ಲಿ ಗಂಡ ಕೈ ಎತ್ತುವಂತಿಲ್ಲ, ಹಾಗಾಗಿ ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಿದ್ದೆ. ಅತ್ತೆಗೆ ಅಂಥ ಅಡ್ಡಿಯಿಲ್ಲ. ಸೊಸೆಯ ವಿಷಯದಲ್ಲಿ ಅತ್ತೆ ಯಾರ ಪಕ್ಷವೂ ಅಲ್ಲ ಎಂದು ನಮ್ಮ ಊರು ನಂಬಿದೆ. ಸುತ್ತಲೂ ಕೈಗಳು ಎದ್ದವು. ನಾನು ತಿರುಗಿ ನೋಡಿದರೆ ಹೆಂಗಸರ ಸಾಲಿನಲ್ಲಿ, ಬಳೆಗಳ ಸಮೇತ, ಅಮ್ಮನ ಕೈ!

"ನೀನೂನಾ?" ಎಂದೆ ದಾರಿಯಲ್ಲಿ.

"ಮತ್ತೆ? ಸೊರಗಿ ಕಡ್ಡಿ ಆಗವ್ಳೆ. ನಾಕು ದಿನ ಮನೇಲಿ ಕೂತು ಉಂಡ್ಕೊಂಡಿರಲಿ ಅಂತ ಎತ್ತಿದೆ. ಊರು ಬಿಡು ಅಂತಾರೆ ಅಂತ ನಂಗೇನು ಗೊತ್ತಿತ್ತು? ಅದನ್ನ ಆಯಪ್ಪ ಆಮೇಲೆ ಸೇರಿಸ್ದ."

"ಮೊದಲೇ ಹೇಳಿದರು ಅಮ್ಮ."

"ನಂಗೆ ಕೇಳಿಸಿದ್ದು ಆಮೇಲೆ."

ಕುಮುದಿನಿ ನಮ್ಮ ಮುಂದೆ ನಡೆಯುತ್ತಿದ್ದಳು. ಅವಳು ಉಸಿರಾಡಿದಾಗಲೂ ಆನೆಗಂಟೆ ಗುಂಯ್ ಎನ್ನುತ್ತಿತ್ತು.

ಆಮೇಲಿನ ದಿನಗಳಲ್ಲಿ ನಮ್ಮ ಬಾಗಿಲು ಖಾಲಿ. ಅಮ್ಮ ಅಭ್ಯಾಸಬಲದಿಂದ ಬೂಸಾ ಕಲಸಿ, ಬೀದಿಯ ಎರಡೂ ಕಡೆ ನೋಡಿ, ಒಳಗೆ ತರುತ್ತಿದ್ದಳು. ಕುಮುದಿನಿ ಆಸ್ಪತ್ರೆಯಲ್ಲಿ ಕೂತು ಪುಡಿ ಔಷಧಿಗಳನ್ನು ಪೊಟ್ಟಣ ಕಟ್ಟಿದಳು, ಆಮೇಲೆ ಅವನ್ನೇ ಬಿಚ್ಚಿ ಮತ್ತೆ ಕಟ್ಟಿದಳು. "ಮ್ಯಾಲಿನವರಿಗೆ ಒಂದು ಫೋನ್ ಮಾಡಿದ್ರ ನಾಳೆನ ಬ್ಯಾರೆ ಊರು ಕೊಡ್ತಾರ," ಎಂದಳು ಒಂದು ದಿನ ಊಟಕ್ಕೆ ಕೂತಾಗ. "ನೀವು ಬರ್ತೀರೇನು?"

ಬರುತ್ತೇನೆ ಎಂದೆ. ಅಮ್ಮ ಬಡಿಸುವುದನ್ನು ನಿಲ್ಲಿಸಲಿಲ್ಲ, ಆದರೆ ನನ್ನ ಎಲೆಗೆ ಸಾರಿನ ಮೇಲೆ ಪಾಯಸ ಬಡಿಸಿದಳು. ಅವಳು ಈ ಊರು ಬಿಟ್ಟು ಬರುವವಳಲ್ಲ. ಕುಮುದಿನಿ ಕೈಕಟ್ಟಿ ಕೂರುವವಳಲ್ಲ. ಎರಡರ ನಡುವೆ ನಾನು ಪಾಯಸ-ಸಾರು ಕಲಸಿಕೊಂಡು ಉಂಡೆ.

ಆ ಸಂಜೆ ಜವರಯ್ಯ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತ. ಕೊರಳ ಗಂಟೆಯನ್ನು ಕೈಯಲ್ಲಿ ಅದುಮಿ ಹಿಡಿದಿದ್ದ. "ಅಕ್ಕಾ, ಪಾಳೇಗಾರನ ಕಾಲು ಊದಿಕೊಂಡದೆ. ಗೊರಸಿನ ಸಂದೀಲಿ ಮುಳ್ಳು ಮುರಿದದೆ, ಕೀವಾಗದೆ. ಮೇವು ಮುಟ್ಟಿಲ್ಲ."

"ಗೌಡ್ರಿಗೆ ಹೇಳಿದೇನು?" ಎಂದಳು ಕುಮುದಿನಿ.

"ಹೇಳ್ದೆ. 'ನಾನೇ ತೀರ್ಪು ಕೊಟ್ಟು ನಾನೇ ಕರೆದ್ರೆ ಊರು ನಗ್ತದೆ, ಅರಿಶಿನ ಹಚ್ಚು' ಅಂದ್ರು. ಹಚ್ಚಿವ್ನಿ. ಅರಿಶಿನ ಮ್ಯಾಗೆ, ಮುಳ್ಳು ಒಳಗೆ."

ಜವರಯ್ಯ ಹೋದ ಮೇಲೆ ಅವಳು ಹಿತ್ತಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು. ಆನೆಗಂಟೆಯ ಸದ್ದಿಗೆ ನಾಲ್ಕು ಮನೆಯವರು ಕಿಟಕಿ ತೆಗೆದರು. "ಕೀವು ಚಾವಡಿ ಕೇಳಿ ಏರೂದಿಲ್ರಿ," ಎಂದಳು. "ನಾಳೆ ಮುಂಜಾನೆ ಹೋಗಿ ಕೊಯ್ತೇನಿ. ಆಮ್ಯಾಲೆ ಬೇಕಾರ ಊರು ಬಿಡಸ್ಲಿ." ಚೀಲ ತೆಗೆದು ಚಾಕು, ಹತ್ತಿ, ಪಟ್ಟಿ ಜೋಡಿಸಿದಳು. ಅಮ್ಮ ಬಂದು ಆ ಚೀಲದ ಪಕ್ಕದಲ್ಲಿ ಒಂದು ಬುತ್ತಿ ಇಟ್ಟಳು. ಊರು ಬಿಡುವ ದಾರಿಗೆ ಎಂದೋ, ಟಗರಿಗೆ ಎಂದೋ ಹೇಳಲಿಲ್ಲ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೀದಿಯಲ್ಲಿ ಗದ್ದಲ. ಪಾಳೇಗಾರ ಬರುತ್ತಿದ್ದ. ಹಗ್ಗ ಹೇಗೆ ಬಿಚ್ಚಿಕೊಂಡನೋ, ಮುಂಗಾಲು ಎತ್ತಿ ಮೂರು ಕಾಲಿನಲ್ಲಿ, ಮದುವೆ ಮನೆಗೆ ತಡವಾದ ದೊಡ್ಡ ಮನುಷ್ಯನ ಹಾಗೆ ಗಂಭೀರವಾಗಿ ಕುಂಟುತ್ತಿದ್ದ. ಹಿಂದೆ ಊರಿನ ಅರ್ಧ. ಟಗರು ಯಾರ ಬಾಗಿಲಲ್ಲಿ ನಿಲ್ಲುತ್ತದೋ ಎಂದು ಎಲ್ಲರಿಗೂ ಕುತೂಹಲ, ತಮ್ಮ ಬಾಗಿಲು ದಾಟಿದ ಮೇಲೆ ಇನ್ನೂ ಹೆಚ್ಚು ಕುತೂಹಲ. "ಜವರಯ್ಯನ ಗುಡಿಸಲು ಬಿಟ್ಟು ಬಂತು!" ಎಂದು ಒಬ್ಬ ಕೂಗಿದ. ಜನದ ನಡುವೆ ಭದ್ರೇಗೌಡರೂ ಶಲ್ಯ ಸರಿಮಾಡಿಕೊಳ್ಳುತ್ತ ಬರುತ್ತಿದ್ದರು.

ಟಗರು ನಮ್ಮ ಬಾಗಿಲಿಗೆ ಬಂದು ನಿಂತಿತು.

"ನೋಡಿದ್ರಾ?" ಎಂದರು ಗೌಡರು. "ಕದ್ದು ಚುಚ್ಚಿದ್ದಾರೆ!"

"ಅವಳು ಮುಟ್ಟಿಲ್ಲ!" ನಾನು ಕಿರುಚಿದೆ. ನನ್ನ ಧ್ವನಿ ನನಗೇ ಮೇಕೆಯದರಂತೆ ಕೇಳಿಸಿತು.

ಕುಮುದಿನಿ ಹೊಸ್ತಿಲ ಮೇಲೆ ಮಂಡಿಯೂರಿದ್ದಳು. ಪಾಳೇಗಾರ ಅವಳನ್ನು ನೋಡುತ್ತಿದ್ದ, ಅವಳು ಅವನನ್ನು. "ಮುಟ್ಟಿಲ್ಲ," ಎಂದಳು ಮೆಲ್ಲಗೆ. "ಮುಟ್ಟಬೇಕಿತ್ತು. ನಿನ್ನಿ ಸಂಜಿಗೇ ಬರಬೇಕಿತ್ತು ನಾ." ಹಣೆಯ ಮೇಲೆ ಕೈ ಇಡಲು ಹೋದಳು. ಅಷ್ಟರಲ್ಲಿ ಟಗರು ತಲೆ ಕೊಡವಿ, ಹಿಂದೆ ತಿರುಗಿ, ಮತ್ತೆ ಕುಂಟತೊಡಗಿತು. ಒಂದು ಬಾಗಿಲಿಗೆ ಬಂದ ಬೀಗರು ಇನ್ನೊಂದು ಬಾಗಿಲು ಹುಡುಕಿದ್ದು ನಾನು ಕಂಡಂತೆ ಅದೇ ಮೊದಲು. ಜನ ಗೋಡೆಗಳಿಗೆ ಅಂಟಿಕೊಂಡು ದಾರಿ ಬಿಟ್ಟರು. ಅದು ಹೂವಿನಂಗಡಿ ದಾಟಿತು, ಹೋಟೆಲು ದಾಟಿತು, ಸೀದಾ ಹೋಗಿ ಚಾವಡಿಯ ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದಾರೆ ಎಂಬಂತೆ ನೋಡಿತು.

ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಅದರ ಹಿಂದೆಯೇ ಇದ್ದೆವು.

ಮೊದಲು ನಕ್ಕವನು ಪಾಪಣ್ಣ. "ಅಯ್ಯಯ್ಯಪ್ಪ! ಚಾವಡಿ ಯಾರ ಮನೆ ಹೇಳ್ರಪ್ಪ?"

"ಅದು... ಎಲ್ಲರದು," ಎಂದ ಯಾರೋ.

"ಹಂಗಲ್ಲ," ಎಂದು ಗೌಡರು ಮುಂದೆ ಬಂದರು. "ಪ್ರಾಣಿ ಸುಸ್ತಾಗಿ ನಿಂತಿದೆ. ಇದನ್ನ ಬಂದದ್ದು ಅಂತ ಲೆಕ್ಕ ಹಿಡಿಯೋಕಾಗಲ್ಲ."

"ಎಲ್ಲಿ ನಿಲ್ತದೋ ಅವರದು ತಪ್ಪು, ಮಾತು ಬೆಳೆಸೋದು ಬೇಡ ಅಂದೋರು ನೀವೇ ಅಲ್ವಾ ಗೌಡ್ರೇ?" ಎಂದಳು ಅಮ್ಮ. ಅವಳು ಯಾವಾಗ ಬಂದಳೋ, ಕೈಯಲ್ಲಿ ಆರತಿ ತಟ್ಟೆ. "ಅವಳು ಮುಟ್ಟಬಾರದು ಅಂತ ಅವತ್ತು ಕೈ ಎತ್ತಿದೋರೆಲ್ಲ ಗಂಟೆ ಕಟ್ಕೊಬೇಕು. ತಕೊಳ್ಳಿ, ಮೊದಲು ನನಗೇ ಕಟ್ಟಿ. ನಾನೂ ಎತ್ತಿವ್ನಿ." ಎಂದವಳು ಟಗರಿಗೆ ಆರತಿ ಬೆಳಗಿ, ಬುತ್ತಿ ಬಿಚ್ಚಿಟ್ಟಳು. ಅದು ಟಗರಿಗೇ ಆಗಿತ್ತು.

ಆಮೇಲೆ ನಡೆದದ್ದು ಜಾತ್ರೆಗೂ ಮೀರಿದ್ದು. ಗೂಟದಲ್ಲಿದ್ದ ಕುರಿಗಂಟೆಗಳು ಮೊದಲ ಸಾಲಿಗೇ ಮುಗಿದವು. ಆಮೇಲೆ ಕೋಳಿಗೆಜ್ಜೆ, ಆಮೇಲೆ ಎಮ್ಮೆಗಂಟೆ. ಅವೂ ಮುಗಿದಾಗ ಸೈಕಲ್ ಅಂಗಡಿಯವನು ಬೆಲ್ಲು ಬಿಚ್ಚಿ ತಂದ. ನಮ್ಮ ಪ್ರಿನ್ಸಿಪಾಲರು ಕಾಲೇಜಿನ ಗಂಟೆಯನ್ನು ತಾವೇ ಹೊತ್ತು ತಂದು, ಕಟ್ಟಿಕೊಳ್ಳಲಾಗದೆ, ತಬ್ಬಿ ಹಿಡಿದು ನಿಂತರು. ಡ್ರಾಯಿಂಗ್ ಮೇಷ್ಟರು ಸ್ಟೀಲ್ ಲೋಟದೊಳಗೆ ಚಮಚ ನೇತುಹಾಕಿ ದಾರ ಪೋಣಿಸಿದರು. ಹೂವಿನವಳು ಪೂಜೆಯ ಕೈಗಂಟೆಯನ್ನು ಮೊಳ ಹೂವಿನಲ್ಲಿ ಕಟ್ಟಿಕೊಂಡಳು. ಒಬ್ಬರನ್ನೊಬ್ಬರು ನೋಡಿ ನಕ್ಕರೆ ಗಂಟೆಗಳು ಸದ್ದು ಮಾಡುತ್ತಿದ್ದವು, ಆ ಸದ್ದಿಗೆ ಮತ್ತೆ ನಗು. ಪಾಪಣ್ಣ ಕೈ ಎತ್ತಿರಲಿಲ್ಲ. ಆದರೂ ಒಂದು ಗೆಜ್ಜೆ ಕೇಳಿ ಪಡೆದ. "ಹಳೇ ಬಾಕಿಗೆ," ಎಂದ.

ಗೌಡರೊಬ್ಬರು ಬರಿಗೊರಳಿನಲ್ಲಿ ನಿಂತಿದ್ದರು. "ಗಂಟೆ ಎಲ್ಲಿದೆ? ಮುಗೀತಲ್ಲ," ಎಂದರು. ಆಗ ಜವರಯ್ಯ ಬಂದ. ತನ್ನ ಕೊರಳ ಹಿಂದೆ ಕೈ ಹಾಕಿ, ಎಷ್ಟೋ ಕಾಲದಿಂದ ಬಿಗಿದಿದ್ದ ಗಂಟನ್ನು ಉಗುರಿನಿಂದ ಬಿಡಿಸಿ, ಗಂಟೆಯನ್ನು ಅಂಗವಸ್ತ್ರದಿಂದ ಒರೆಸಿ, ಗೌಡರ ಕೊರಳಿಗೆ ಕಟ್ಟಿದ. ಗೌಡರು ತಲೆ ಬಗ್ಗಿಸಲೇಬೇಕಾಯಿತು, ಅವರು ಎತ್ತರದವರು.

"ಮೊದಮೊದಲು ಗಲ್ಲಕ್ಕೆ ಬಡೀತದೆ ಬುದ್ಧಿ," ಎಂದ ಜವರಯ್ಯ. "ಆಮೇಲೆ ರೂಢಿ ಆಯ್ತದೆ."

ಅವನ ಕೊರಳಲ್ಲಿ ಗಂಟೆಯಿದ್ದ ಕಡೆ ಚರ್ಮ ಬೆಳ್ಳಗಿತ್ತು. ಅವನು ಕತ್ತು ತಿರುಗಿಸಿದ, ಸದ್ದು ಬರಲಿಲ್ಲ. ಮತ್ತೊಮ್ಮೆ ತಿರುಗಿಸಿ ನೋಡಿಕೊಂಡ.

"ಎಲ್ಲಾರೂ ಕುಣಿದಿದ್ದು ಮುಗೀತೇನ್ರಿ?" ಎಂದಳು ಕುಮುದಿನಿ. ಅವಳು ಆಗಲೇ ಚಾವಡಿಯ ಮೆಟ್ಟಿಲ ಮೇಲೆ ಚೀಲ ಬಿಚ್ಚಿ ಕೂತಿದ್ದಳು. "ಕೀವು ಇನ್ನೂ ಒಳಗೇ ಅದ. ಗೌಡ್ರ, ತೀರ್ಪು?"

ಗೌಡರು ತಮ್ಮ ಟಗರಿನ ಊದಿದ ಕಾಲನ್ನು ನೋಡಿದರು. ಅದನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲಿರಬೇಕು, ಮುಖ ಹಿಂಡಿಕೊಂಡರು. "ಕೊಯ್ಯಿರಿ ತಾಯಿ," ಎಂದರು. ಗಂಟೆಯೂ ಹೌದೆಂದಿತು.

"ಹಂಗಾರ ಬರ್ರಿ, ತಲಿ ಹಿಡೀರಿ. ನೀವ ಹಿಡೀಬೇಕು, ಜವರಯ್ಯ ಅಲ್ಲ."

ಯಜಮಾನರು ಪಂಚೆ ಎತ್ತಿ ಕಟ್ಟಿ ಕೂತರು. ಚಾಕು ತಾಗಿದಾಗ ಪಾಳೇಗಾರ ಕೊಟ್ಟ ಕೂಗಿಗೆ ಊರಿನ ಗಂಟೆಗಳೆಲ್ಲ ಒಮ್ಮೆಲೇ ನಡುಗಿದವು. ಗೌಡರ ಕಣ್ಣಲ್ಲಿ ನೀರು ಬಂತು, ತಲೆ ಬಿಡಲಿಲ್ಲ. ಮುಳ್ಳು ಹೊರಬಂತು, ನನ್ನ ಕಿರುಬೆರಳ ಅರ್ಧದಷ್ಟು. ಪಟ್ಟಿ ಕಟ್ಟಿಸಿಕೊಂಡ ಟಗರು ಕಾಲನ್ನು ಮೆಲ್ಲಗೆ ನೆಲಕ್ಕೆ ಊರಿ ನೋಡಿತು, ನಂಬಿಕೆ ಬರದೆ ಎತ್ತಿತು, ಮತ್ತೆ ಊರಿತು.

ಊರು ಅಲ್ಲೇ ನಿಂತು ಇನ್ನೊಂದು ತೀರ್ಪಿಗೆ ಹೊರಟಿತು. ಇನ್ನು ಮೇಲೆ ಡಾಕ್ಟರಮ್ಮನಿಗೆ ಗಂಟೆ ಬೇಡ, ಅವರು ಮಾಡುವುದು ನೋವಲ್ಲ ಎಂದರು ಪ್ರಿನ್ಸಿಪಾಲರು. ಕೈ ಎತ್ತಲು ಎಲ್ಲರಿಗೂ ಭಯ, ಬೆರಳು ಮಾತ್ರ ಎತ್ತಿದರು. ಕುಮುದಿನಿ ತಲೆಯಾಡಿಸಿದಳು. "ನೋವಲ್ಲ ಅಂತ ನೀವು ಹೆಂಗ ಹೇಳ್ತೀರಿ? ಅದರ ಕೂಗು ಕೇಳಲಿಲ್ಲೇನು? ಶಿಕ್ಷಾ ಅಂತ ಕಟ್ಟಬ್ಯಾಡ್ರಿ, ಕೊನೀ ಪಂಕ್ತಿಗೆ ಕೂಡಸಬ್ಯಾಡ್ರಿ. ಆದ್ರ 'ಯಾಕ ಚುಚ್ಚಿದಿ' ಅಂತ ಕೇಳಾಕ ಬಂದವರಿಗೆ ಬಾಗಿಲಾ ಹಾಕಂಗಿಲ್ಲ ನಾ. ಬರ್ಲಿ. ಇದೊಂದು ಆನಿಗಂಟಿ ಬಿಡಿಸಿಕೊಡ್ರಿ ಸಾಕು, ಕುತ್ತಿಗಿ ಹೋತು." ಆನೆಗಂಟೆಯನ್ನು ಬಿಚ್ಚಿ ಮತ್ತೆ ಗೂಟಕ್ಕೆ ಹಾಕಲು ಇಬ್ಬರು ಬೇಕಾದರು.

ಮಾರನೆಯ ಬೆಳಿಗ್ಗೆ ಹಾಲು ಬರುವ ಹೊತ್ತಿಗೆ ಪಾಳೇಗಾರ ನಮ್ಮ ಬಾಗಿಲಲ್ಲಿ ಇದ್ದ. ಅಮ್ಮ ಕೊರಳ ಗಂಟೆ ಬಾರಿಸುತ್ತ ಓಡಾಡಿ ಆರತಿ ತಂದಳು. ಕೇಳಲು ಬಂದದ್ದೋ, ಹೇಳಲು ಬಂದದ್ದೋ, ಕಾಲು ತೋರಿಸಲು ಬಂದದ್ದೋ ಎಂದು ನಾನು ಹೆಂಡತಿಯನ್ನು ಕೇಳಿದೆ. ಹೇಗೆ ಗೊತ್ತು ಮಾಡಿಕೊಳ್ಳಬಹುದು ಎಂದು ಯೋಚಿಸಿಯೂ ನೋಡಿದೆ. ಸೊಳ್ಳೆಯ ಪ್ರಯೋಗ ನೆನಪಿಗೆ ಬಂದು ಬಿಟ್ಟೆ. "ಏನರ ಆಗ್ಲಿ, ಬಂದದಲ್ಲ," ಎಂದು ಅವಳು ಅಮ್ಮನ ಕೊರಳಿಂದ ಕುರಿಗಂಟೆ ಬಿಚ್ಚಿ ತಾನು ಕಟ್ಟಿಕೊಂಡಳು. ಟಗರು ಆ ಸದ್ದಿಗೆ ಕಿವಿ ನಿಮಿರಿಸಿತು. ಓಡಲಿಲ್ಲ. ಅವಳ ಅಂಗೈಯ ಬೆಲ್ಲ ನೆಕ್ಕಿ, ಅವಳ ಮಂಡಿಗೆ ಹಣೆಯಿಂದ ಒಮ್ಮೆ ಮೆಲ್ಲಗೆ ಗುದ್ದಿ, ಅಮ್ಮ ತಂದಿಟ್ಟ ಬೂಸಾ ಬುಟ್ಟಿಯನ್ನು ಖಾಲಿ ಮಾಡಿ, ಬಿಸಿಲೇರುವ ಮುನ್ನ ಹೊರಟು ನಿಂತಿತು.

"ಇಷ್ಟು ಬೇಗ ಹೊರಟ್ರಾ? ಇನ್ನೊಂದಿನ ಇದ್ದು ಹೋಗಬಾರದಾ?" ಎಂದಳು ಅಮ್ಮ, ಬೀಗರಿಗೆ ಹೇಳುವಂತೆಯೇ.

ಅದು ನಾಲ್ಕೂ ಕಾಲೂರಿ ಬೀದಿಗಿಳಿಯಿತು. ನಾವು ಮೂವರೂ ನೋಡುತ್ತ ನಿಂತೆವು. ಗೌಡರ ಮನೆಯ ಹಿಂದಿನ ಕೊಟ್ಟಿಗೆಯ ಓಣಿ ಬಂದಾಗ ಅದು ಓಣಿಗೆ ತಿರುಗಲಿಲ್ಲ. ಮುಂದೆ ಹೋಗಿ, ರಂಗೋಲಿಯ ನಟ್ಟನಡುವೆ ಗೊರಸೂರಿ, ಮುಂಬಾಗಿಲಲ್ಲಿ ನಿಂತಿತು. ಆಮೇಲೆ ಆ ದೊಡ್ಡ ಮನೆಯ ಒಳಗಿನ ಯಾವುದೋ ಕೋಣೆಯಿಂದ, ನಡುಮನೆ ದಾಟಿ, ಹಜಾರ ದಾಟಿ, ಬಾಗಿಲು ತೆಗೆಯಲು ಓಡೋಡಿ ಬರುತ್ತಿರುವ ಒಂದು ಗಂಟೆಯ ಸದ್ದು ಕೇಳಿಸಿತು.